ಪ್ಲೇಟ್ ಮಾಡುವ ಮೊದಲು ಬಣ್ಣಕ್ಕೆ ತಮ್ಮ ಒಪ್ಪಿಗೆ: ಗ್ರಾಹಕರಿಗೆ ಪತ್ರ

ಉಡುಪಿ

ಮಾನ್ಯ ಗ್ರಾಹಕರೇ,

ಸವಿನಯ ನಮಸ್ಕಾರಗಳು. ನಮ್ಮ ಸಹಕಾರಿ ಮುದ್ರಣಾಲಯಕ್ಕೆ ಬರುವ ಎಲ್ಲ ಬಹುವರ್ಣದ ಕೆಲಸಗಳಲ್ಲಿ, ಮುಂದಿನ ತಿಂಗಳ 1ನೇ ತಾರೀಕಿನಿಂದ, ಪ್ಲೇಟ್ (ಯಂತ್ರಕ್ಕೆ ಹಾಕುವ ಅಚ್ಚಿನ ಫಲಕ) ಮಾಡುವ ಮೊದಲು ತಮ್ಮ ವಿನ್ಯಾಸದ ಇನ್ನೊಂದು ಪ್ರತಿಯನ್ನು ತಮಗೆ ಕಳುಹಿಸಲಿದ್ದೇವೆ. ಅದರಲ್ಲಿ ಅಲ್ಲಲ್ಲಿ ಬೂದು ಬಣ್ಣದ ತೇಪೆಗಳು ಕಾಣಿಸಬಹುದು. ಅವು ಫೈಲ್ ಕೆಟ್ಟಿರುವುದರ ಗುರುತಲ್ಲ; ಆ ಜಾಗದ ಬಣ್ಣ ಪರದೆಯಲ್ಲಿ ಕಂಡಂತೆಯೇ ಕಾಗದದ ಮೇಲೆ ಬರಲಾರದು ಎಂದು ತಂತ್ರಾಂಶ ಕೊಡುವ ಮುನ್ಸೂಚನೆ. ಅದನ್ನು ನೋಡಿ ತಾವು ಒಪ್ಪಿದ ಮೇಲೆಯೇ ಕೆಲಸ ಮುಂದುವರಿಯುತ್ತದೆ.

ಇಷ್ಟು ದಿನ ಇಂತಹ ಬಣ್ಣಗಳನ್ನು ತಮಗೆ ತಿಳಿಸದೆ ನಾವೇ ಹೊಂದಿಸಿ ಮುದ್ರಿಸುತ್ತಿದ್ದೆವು. ಕಳೆದ ಬಾರಿ ಯಕ್ಷಗಾನ ಮೇಳಗಳ ತಿರುಗಾಟದ ಸಮಯದಲ್ಲಿ ಒಂದು ಬಯಲಾಟದ ಪ್ರಚಾರಪತ್ರ ನಮ್ಮಲ್ಲಿ ಅಚ್ಚಾಯಿತು. ರಂಗಸ್ಥಳದ ಎಲ್‌ಇಡಿ ದೀಪದಲ್ಲಿ ತೆಗೆದ ಚಿತ್ರದ ನೀಲಿ ಮೊಬೈಲಿನಲ್ಲಿ ಕಣ್ಣು ಕೋರೈಸುವಂತಿತ್ತು. ಕಾಗದದಲ್ಲಿ ಅದೇ ನೀಲಿ ಮಂಕಾದ ನೇರಳೆಯಾಗಿ ಬಂತು. ಶಾಯಿ ಕಳಪೆಯೆಂದು ಗ್ರಾಹಕರು ಬೇಸರಪಟ್ಟುಕೊಂಡರು. ಶಾಯಿ ಕಳಪೆಯಾಗಿರಲಿಲ್ಲ, ಆದರೆ ಹೀಗಾಗುತ್ತದೆಂದು ಗೊತ್ತಿದ್ದೂ ಮೊದಲೇ ಹೇಳದಿದ್ದುದು ನಮ್ಮದೇ ತಪ್ಪು.

ಪರದೆಯು ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಕೂಡಿಸಿ ಬಣ್ಣ ತೋರಿಸಿದರೆ, ಆಫ್‌ಸೆಟ್ ಯಂತ್ರವು ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿಂದ ಕಾಗದದ ಮೇಲೆ ಬಿದ್ದ ಬೆಳಕನ್ನು ತಡೆದು ಬಣ್ಣ ತೋರಿಸುತ್ತದೆ. ಹಾಗಾಗಿ ಎರಡರ ಬಣ್ಣಗಳ ಹರವು ಒಂದೇ ಅಲ್ಲ; ಈ ಹರವನ್ನೇ ಗ್ಯಾಮಟ್ ಎನ್ನುತ್ತಾರೆ. ಪರದೆಯ ಅಚ್ಚ ನೀಲಿಯನ್ನು ಚಿತ್ರ ತಿದ್ದುವ ತಂತ್ರಾಂಶವಾದ ಫೋಟೋಶಾಪ್ ತನ್ನಲ್ಲಿರುವ ಅಮೆರಿಕದ ಮುದ್ರಣ ಮಾನದಂಡವಾದ ಸ್ವಾಪ್‌ನ ಪ್ರೊಫೈಲಿಗೆ (ಇಂತಹ ಶಾಯಿ, ಇಂತಹ ಕಾಗದದಲ್ಲಿ ಯಾವ ಬಣ್ಣಗಳು ಬರಬಲ್ಲವೆಂಬ ವಿವರದ ಫೈಲಿಗೆ) ಪರಿವರ್ತಿಸಿದಾಗ ಸುಮಾರು 88 ಪ್ರತಿಶತ ಸಯಾನ್ ಮತ್ತು 77 ಪ್ರತಿಶತ ಮಜೆಂಟಾ ಆಗುತ್ತದೆ. ಅಷ್ಟು ಮಜೆಂಟಾ ಸೇರಿದ ನೀಲಿ ನೇರಳೆಯತ್ತ ವಾಲದೆ ಇರುವುದಿಲ್ಲ. ಪರದೆಗಳಿಗೆಂದು 1996ರಲ್ಲಿ ರೂಪುಗೊಂಡ ಎಸ್‌ಆರ್‌ಜಿಬಿ ಎಂಬ ಬಣ್ಣದ ಹರವಿನ ಸ್ಥಿತಿಯೇ ಹೀಗಿರುವಾಗ, ಅದಕ್ಕಿಂತ ವಿಶಾಲವಾದ ಪಿ3 ಹರವಿನಲ್ಲಿ ಚಿತ್ರ ತೆಗೆಯುವ ಈಗಿನ ಕೆಲವು ಮೊಬೈಲುಗಳಿಂದ ಅಂತರ ಇನ್ನೂ ಹೆಚ್ಚುತ್ತದೆ. (ಕಾಗದವೇ ಎಲ್ಲದರಲ್ಲೂ ಸೋಲುತ್ತದೆಂದೇನೂ ಇಲ್ಲ. ಲೇಪನವಿರುವ ನುಣುಪು ಕಾಗದವಾದ ಒಳ್ಳೆಯ ಆರ್ಟ್ ಪೇಪರಿನ ಮೇಲಿನ ಅಚ್ಚ ಸಯಾನ್ ಎಸ್‌ಆರ್‌ಜಿಬಿಯ ಹರವಿಗೆ ಸಿಗುವುದಿಲ್ಲ.)

ವಿನ್ಯಾಸವನ್ನು ತಾವೇ ಮಾಡುವವರು ಈ ಸೂಚನೆಯನ್ನು ತಮ್ಮಲ್ಲೇ ನೋಡಬಹುದು. ಫೋಟೋಶಾಪ್‌ನ ವ್ಯೂ ಮೆನುವಿನಲ್ಲಿ ಗ್ಯಾಮಟ್ ವಾರ್ನಿಂಗ್ ಎಂದಿದೆ. ಕೀಲಿಮಣೆಯಲ್ಲಿ ಶಿಫ್ಟ್, ಕಂಟ್ರೋಲ್, ವೈ. ಉಚಿತವಾಗಿ ಸಿಗುವ ಗಿಂಪ್ ಮತ್ತು ಕ್ರಿತಾಗಳಲ್ಲಿಯೂ ಇದೇ ಸೌಲಭ್ಯವಿದೆ. ಆದರೆ ಅದಕ್ಕೂ ಮೊದಲು ಪ್ರೂಫ್ ಸೆಟಪ್‌ನಲ್ಲಿ ಸರಿಯಾದ ಪ್ರೊಫೈಲನ್ನು ಆರಿಸಿಕೊಳ್ಳದಿದ್ದರೆ ಸೂಚನೆಗೆ ಅರ್ಥವೇ ಇರುವುದಿಲ್ಲ. ಆರ್ಟ್ ಪೇಪರಿಗೆ ಹೊಂದುವ ಬಣ್ಣ ಲೇಪನವಿಲ್ಲದೆ ಶಾಯಿ ಹೀರಿಕೊಳ್ಳುವ ಮ್ಯಾಪ್‌ಲಿಥೋ ಕಾಗದದಲ್ಲಿ ಹೊಂದದೆ ಹೋಗಬಹುದು. ಎರಡೂ ಕಾಗದಗಳ ಪ್ರೊಫೈಲನ್ನು ಕೇಳಿದವರಿಗೆ ಕಳುಹಿಸಿಕೊಡುತ್ತೇವೆ.

ಈ ಸೂಚನೆಗೆ ಒಂದು ದೊಡ್ಡ ಮಿತಿಯಿದೆ. ಹರವಿನಿಂದ ಕೂದಲೆಳೆಯಷ್ಟು ಹೊರಗಿರುವ ಬಣ್ಣಕ್ಕೂ ಬಹುದೂರ ಹೋದ ಬಣ್ಣಕ್ಕೂ ಅದು ಒಂದೇ ಬೂದು ಬಳಿಯುತ್ತದೆ. ಮೊದಲಿನದರ ವ್ಯತ್ಯಾಸ ಅಚ್ಚಾದ ಮೇಲೆ ಕಣ್ಣಿಗೆ ಕಾಣದೆಯೂ ಇರಬಹುದು. ಆದ್ದರಿಂದ ಬೂದು ಪೂರ್ತಿ ಅಳಿಯುವವರೆಗೆ ಇಡೀ ಚಿತ್ರದ ಬಣ್ಣದ ಗಾಢತೆಯನ್ನು ಇಳಿಸುತ್ತಾ ಹೋಗುವುದು ನಮ್ಮ ಮಟ್ಟಿಗೆ ಸರಿಯಾದ ಕ್ರಮವಲ್ಲ. ಚೆನ್ನಾಗಿಯೇ ಬರಬೇಕಿದ್ದ ಮುಖದ ಬಣ್ಣವೂ ಅದರ ಜೊತೆಗೆ ಸಪ್ಪೆಯಾಗುತ್ತದೆ. ಬೂದಿನ ಪ್ರತಿಯ ಪಕ್ಕದಲ್ಲಿ, ಕಾಗದದಲ್ಲಿ ಬಣ್ಣ ಹೇಗೆ ಬರಬಹುದೆಂಬ ಅಂದಾಜಿನ ಪ್ರತಿಯನ್ನೂ ಇಡುತ್ತೇವೆ. ಒಪ್ಪಿಗೆಗೆ ಆಧಾರವಾಗಬೇಕಾದದ್ದು ಅದೇ.

ಆ ಅಂದಾಜಿನ ಪ್ರತಿಯನ್ನು ಎರಡು ಬಗೆಯಲ್ಲಿ ಸಿದ್ಧಪಡಿಸಬಹುದು. ಪರ್ಸೆಪ್ಚುವಲ್ ವಿಧಾನದಲ್ಲಿ ಚಿತ್ರದ ಎಲ್ಲ ಬಣ್ಣಗಳನ್ನೂ ಪರಸ್ಪರ ಸಂಬಂಧ ಕೆಡದಂತೆ ಕುಗ್ಗಿಸಲಾಗುತ್ತದೆ. ವೇಷದ ದಗಲೆಯ (ಮೇಲಂಗಿಯ) ಮಡಿಕೆಗಳಲ್ಲಿ ಬೂದು ಹರಡಿಕೊಂಡಿದ್ದರೆ ಇದೇ ಒಳ್ಳೆಯದು, ಮಡಿಕೆಗಳು ಒಂದರಲ್ಲೊಂದು ಬೆರೆತುಹೋಗುವುದಿಲ್ಲ. ರಿಲೇಟಿವ್ ಕಲರಿಮೆಟ್ರಿಕ್ ವಿಧಾನದಲ್ಲಿ ಹರವಿನೊಳಗಿನ ಬಣ್ಣಗಳು ಹಾಗೆಯೇ ಉಳಿದು, ಹೊರಗಿನವು ಮಾತ್ರ ಅಂಚಿನ ಹತ್ತಿರದ ಬಣ್ಣಕ್ಕೆ ಸರಿಯುತ್ತವೆ. ಮದುವೆಯ ಆಮಂತ್ರಣ ಪತ್ರಿಕೆಯ ಮೂಲೆಯಲ್ಲಷ್ಟೇ ಬೂದು ಇದ್ದರೆ ಇದು ಸಾಕು. ತಾವು ಏನೂ ಸೂಚಿಸದಿದ್ದರೆ ಚಿತ್ರ ನೋಡಿ ನಾವೇ ಒಂದನ್ನು ಆರಿಸಿ, ಯಾವುದೆಂದು ಬರೆದು ತಿಳಿಸುತ್ತೇವೆ.

ಹುಲಿವೇಷದ ಪ್ರಚಾರಪತ್ರದ ಹೊಳೆಯುವ ಕಿತ್ತಳೆಯಂತಹ ಬಣ್ಣ ಬೇಕೇ ಬೇಕೆಂದಾದರೆ ಮೇಲಿನ ಎರಡೂ ವಿಧಾನಗಳು ಸಾಲವು. ಅದಕ್ಕೆ ಐದನೆಯದಾಗಿ ಪ್ರತ್ಯೇಕ ಶಾಯಿಯನ್ನೇ ಹಾಕಬೇಕು. ಪ್ಲೇಟ್ ಒಂದು ಹೆಚ್ಚಾಗುವುದರಿಂದ ಮತ್ತು ಯಂತ್ರ ತೊಳೆಯಬೇಕಾಗುವುದರಿಂದ ಅದರ ದರ ಬೇರೆ.

ಬಣ್ಣದ ಈ ಪರೀಕ್ಷೆಗೆ ಶುಲ್ಕವಿಲ್ಲ, ಆದರೆ ಒಂದು ದಿನ ಹೆಚ್ಚು ಬೇಕಾಗುತ್ತದೆ. ಮೇಳಗಳು ಹೊರಡುವ ಹೊತ್ತಿಗೆ ಕೆಲಸ ಒತ್ತರಿಸುವುದರಿಂದ ಫೈಲುಗಳನ್ನು ಸ್ವಲ್ಪ ಮೊದಲೇ ಕೊಡಬೇಕಾಗಿ ವಿನಂತಿ. ವಾಟ್ಸಾಪ್‌ನಲ್ಲಿ ಕಳುಹಿಸುವುದಾದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳುಹಿಸಿರಿ. ಒಪ್ಪಿಗೆಯನ್ನು ಅಲ್ಲಿಯೇ ಬರೆದು ತಿಳಿಸಿದರೂ ಆದೀತು. ಸಾಧ್ಯವಿದ್ದವರು ಪ್ರೆಸ್ಸಿಗೇ ಬಂದು, ನಮ್ಮ ಮಾನಿಟರಿನ ಪಕ್ಕದಲ್ಲಿ ಅದೇ ಕಾಗದದ ಹಳೆಯ ಮುದ್ರಣವನ್ನು ಹಿಡಿದು ನೋಡಿ ಸಹಿ ಹಾಕಿದರೆ ಹೆಚ್ಚು ಅನುಕೂಲ.

ಇತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು