ಶನಿವಾರ ರಾತ್ರಿ ಹೊಸ ದೂರದರ್ಶಕದ ಪರೀಕ್ಷೆ

ಎಲ್ಲರಿಗೂ ನಮಸ್ಕಾರ. ಹೊಸ 80 ಮಿ.ಮೀ. ಎಫ್/6 (ಮಸೂರದ ವ್ಯಾಸ 80 ಮಿ.ಮೀ., ನಾಭಿದೂರ ಅದರ 6 ಪಟ್ಟು) ದೂರದರ್ಶಕವನ್ನು ಶನಿವಾರ ರಾತ್ರಿ 8ಕ್ಕೆ ಪರೀಕ್ಷಿಸುತ್ತೇವೆ. ಮೌಂಟ್ (ದೂರದರ್ಶಕವನ್ನು ಹೊತ್ತು ತಿರುಗಿಸುವ ಆಧಾರ), ಕ್ಯಾಮೆರಾ ತರುವವರು 7ಕ್ಕೇ ಬನ್ನಿ. ಮಸೂರ ಹೊರಗಿನ ತಂಪಿಗೆ ಹೊಂದಿಕೊಳ್ಳದಿದ್ದರೆ ಫೋಕಸ್ ಜಾರುತ್ತಲೇ ಇರುತ್ತದೆ.

ಮೊದಲು ಧ್ರುವ ಜೋಡಣೆ (ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ನೇರ ಮಾಡುವುದು), ಆಮೇಲೆ ಬಾಹ್ಟಿನೋವ್ ಮಾಸ್ಕ್ (ನಿಖರ ಫೋಕಸ್‌ಗಾಗಿ ದೂರದರ್ಶಕದ ಮುಂದೆ ಇಡುವ ಸೀಳುಗಳಿರುವ ಮುಚ್ಚಳ) ಹಾಕಿ ಫೋಕಸ್. ಮಾಸ್ಕ್ ತೆಗೆಯಲು ಮರೆಯಬೇಡಿ (ಮರೆಯುವವರು ಇದ್ದೇ ಇರುತ್ತಾರೆ!). ಫ್ಲ್ಯಾಟ್ನರ್‌ನಿಂದ (ಚಿತ್ರದ ಅಂಚುಗಳಲ್ಲೂ ನಕ್ಷತ್ರಗಳು ಸ್ಪಷ್ಟವಾಗಿ ಬರುವಂತೆ ಮಾಡುವ ಮಸೂರ) ಕ್ಯಾಮೆರಾದ ಸೆನ್ಸರ್‌ಗೆ 55 ಮಿ.ಮೀ. ಅಂತರವನ್ನು ಅಳೆದೇ ಜೋಡಿಸಿ. ನಾಲ್ಕೂ ಮೂಲೆಗಳಲ್ಲಿ ನಕ್ಷತ್ರಗಳು ಎಳೆದಂತೆ ಕಂಡರೆ ಈ ಅಂತರವೇ ತಪ್ಪಿರಬಹುದು. ಒಂದೇ ಬದಿಯಲ್ಲಾದರೆ ಹೆಚ್ಚಾಗಿ ಸೆನ್ಸರ್ ವಾಲಿರುತ್ತದೆ. ಪರೀಕ್ಷೆಗೆ 60 ಸೆಕೆಂಡಿನ 30 ಫ್ರೇಮ್ ಸಾಕು. ಫ್ಲ್ಯಾಟ್ ಫ್ರೇಮ್ (ಧೂಳಿನ ಕಲೆ, ಅಂಚಿನ ಮಬ್ಬು ಸರಿಪಡಿಸಲು ಸಮನಾದ ಬೆಳಕಿನಲ್ಲಿ ತೆಗೆಯುವ ಚಿತ್ರ) ತೆಗೆಯುವವರೆಗೂ ಕ್ಯಾಮೆರಾ ತಿರುಗಿಸಬೇಡಿ, ಫೋಕಸ್ ಮುಟ್ಟಬೇಡಿ.

ಕೆಂಪು ಟಾರ್ಚ್ ಮಾತ್ರ ತನ್ನಿ. ಇಬ್ಬನಿ ತಡೆಯುವ ಹೀಟರ್ ಪಟ್ಟಿ ಯಾರ ಬಳಿ ಇದೆ? ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.