ಯಾಟುಂಗ್‌ನ ಸುಂಕದ ಕಟ್ಟೆ

ಪ್ರೀತಿಯ ಪುಟ್ಟಿ,

ಸುಂಕ ಇಲಾಖೆಯ ತರಬೇತಿಗೆ ಸೇರಿದೆ ಅಂತ ತಿಳಿದು ತುಂಬಾ ಖುಷಿಯಾಯಿತು. ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಆಚೆಯವರು ಒಪ್ಪಂದ ಮುರಿದರೆ ಒತ್ತಡ ಹಾಕದೆ ಇನ್ನೇನು ಮಾಡೋದು ದೊಡ್ಡಪ್ಪ?" ಅಂತ. ಮೊದಲು ಅದರ ಕೊನೆಯ ಪುಟ ತೆಗೆದು, ಸಹಿ ಯಾರ್‍ಯಾರದು ಅಂತ ನೋಡು. ಟಿಬೆಟಿನ ಯಾಟುಂಗ್‌ನಲ್ಲಿ ಎಡವಟ್ಟಾಗಿದ್ದು ಅಲ್ಲೇ.

1893ರಲ್ಲಿ ಡಾರ್ಜಿಲಿಂಗ್‌ನಲ್ಲಿ ಬ್ರಿಟಿಷರೂ ಚೀನಾದವರೂ ಸೇರಿ ಟಿಬೆಟ್ ವ್ಯಾಪಾರದ ನಿಯಮಗಳಿಗೆ ಸಹಿ ಹಾಕಿದರು. ಟಿಬೆಟ್ ತನ್ನ ಅಧೀನ ಅನ್ನೋದು ಚೀನಾದ ವಾದ. ಆದರೆ ಟಿಬೆಟಿನವರು ಸಹಿ ಹಾಕಲಿಲ್ಲ. 1894ರ ಮೇ 1ರಿಂದ ಚುಂಬಿ ಕಣಿವೆಯ ಯಾಟುಂಗ್‌ನಲ್ಲಿ ಮಾರುಕಟ್ಟೆ, ಐದು ವರ್ಷ ಸುಂಕವಿಲ್ಲ. ಆದರೆ ಟಿಬೆಟಿನ ಅಧಿಕಾರಿಗಳು ದಾರಿಗೆ ಅಡ್ಡಲಾಗಿ ಗೋಡೆ ಕಟ್ಟಿದರು. ತಮ್ಮ ವ್ಯಾಪಾರಿಗಳನ್ನು ಅಲ್ಲಿಗೆ ಇಳಿಯಲು ಬಿಡಲಿಲ್ಲ. ಅದೇ ದಾರಿಯಲ್ಲಿ ಮೇಲಿರುವ ಫರಿ ಎಂಬ ಊರಿನಲ್ಲಿ ನೂರಕ್ಕೆ ಹತ್ತರಂತೆ ಸುಂಕ ಕಿತ್ತರು. ಕೆಳಗಿನ ಕಟ್ಟೆಯಲ್ಲಿ ಮಾಫಿ, ಮೇಲಿನ ಕಟ್ಟೆಯಲ್ಲಿ ವಸೂಲಿ!

ಬ್ರಿಟಿಷರ ದೂರು ಸುಳ್ಳಲ್ಲ. ಸರಕು ಹೊತ್ತು ಬಂದವನಿಗೆ ನಷ್ಟ ಆಗುತ್ತಿತ್ತು. ಆದರೆ ತಾವು ಒಪ್ಪದ ನಿಯಮಕ್ಕೆ ಟಿಬೆಟಿನವರು ಯಾಕೆ ತಲೆಬಾಗಬೇಕಿತ್ತು? ಚಹಾದ ವಿಷಯವೂ ಇತ್ತು. ಐದು ವರ್ಷ ಕಳೆದರೆ ಭಾರತದ ಚಹಾ ಒಳಗೆ ಬರಬಹುದಿತ್ತು. ಚೀನಾದ ಚಹಾ ಮಾರಿ ಬದುಕುತ್ತಿದ್ದ ಲಾಸಾದ ಜನಕ್ಕೆ ಅದು ಹೊಟ್ಟೆಯ ಪ್ರಶ್ನೆ. ಗೋಡೆಯ ಹಿಂದೆ ಇಂಥ ಭಯ ಇರುತ್ತದೆ ಪುಟ್ಟಿ. ಅದನ್ನು ಕೇಳಿಸಿಕೊಳ್ಳದೆ 'ವ್ಯಾಪಾರಕ್ಕೆ ಅಡ್ಡಿ' ಅಂತ ಸುಮ್ನೆ ಬರೆದು ಕಳಿಸಬೇಡ.

ವೈಸರಾಯ್ ಕರ್ಜನ್ ದಲೈ ಲಾಮಾಗೆ ಬರೆದ ಪತ್ರಗಳು ಒಡೆಯದೆಯೇ ವಾಪಸು ಬಂದವು. ರಷ್ಯಾ ಟಿಬೆಟಿನೊಳಗೆ ಕಾಲಿಟ್ಟೀತು ಎಂಬ ಭಯವೂ ಕರ್ಜನ್‌ಗೆ ಜಾಸ್ತಿ ಇತ್ತು. ಸುಂಕದ ತಕರಾರು ಒಳ್ಳೆಯ ನೆಪವಾಯಿತು ಅಂತಲೇ ನಾನು ನಂಬುತ್ತೇನೆ. ಯಂಗ್‌ಹಸ್ಬೆಂಡ್ ಎಂಬ ಬ್ರಿಟಿಷ್ ಅಧಿಕಾರಿಯ ಜೊತೆ ಸೈನ್ಯ ಟಿಬೆಟಿಗೆ ಹೊರಟಿತು. 1904ರ ಮಾರ್ಚ್ 31ರಂದು ಗುರು ಎಂಬಲ್ಲಿ ನೂರಾರು ಟಿಬೆಟಿನವರು ಗುಂಡಿಗೆ ಸತ್ತರು. ಹಳೇ ಬಂದೂಕು, ಕತ್ತಿ ಹಿಡಿದವರು. ಇದನ್ನು ಓದುವಾಗೆಲ್ಲ ಸಂಕಟವಾಗುತ್ತದೆ.

ಸೆಪ್ಟೆಂಬರ್ 7ರಂದು ಲಾಸಾದಲ್ಲಿ ಒಪ್ಪಂದವಾಯಿತು. ಯಾಟುಂಗ್, ಗ್ಯಾಂಟ್ಸೆ, ಗಾರ್ಟೋಕ್‌ಗಳಲ್ಲಿ ಮಾರುಕಟ್ಟೆ, ಮೇಲೆ 75 ಲಕ್ಷ ರೂಪಾಯಿ ದಂಡ. ಆಮೇಲೆ ಅದನ್ನು 25 ಲಕ್ಷಕ್ಕೆ ಇಳಿಸಿದರು. ಈ ಸಲ ಟಿಬೆಟಿನವರ ಮುದ್ರೆ ಬಿತ್ತು, ಬಂದೂಕಿನ ಮುಂದೆ. ಆದರೆ ಚೀನಾದ ಪ್ರತಿನಿಧಿ ಸಹಿ ಹಾಕಲಿಲ್ಲ! ಅದಕ್ಕಾಗಿ 1906ರಲ್ಲಿ ಬೀಜಿಂಗ್‌ನಲ್ಲಿ ಚೀನಾದ ಜೊತೆ ಇನ್ನೊಂದು ಒಪ್ಪಂದ ಮಾಡಬೇಕಾಯಿತು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ನಮ್ಮವರು ಬೇಸರದಿಂದ ಹೇಳುತ್ತಾರೆ. ನಿನ್ನ ಕಟ್ಟೆಯಲ್ಲಿ ಜನ ಹೇಳಿಕೊಳ್ಳಲಿ. ಲಾರಿಯವನು, ಸಣ್ಣ ವ್ಯಾಪಾರಿ, ಆಚೆಯ ಗುಮಾಸ್ತ, ಎಲ್ಲರನ್ನೂ ಮಾತಾಡಿಸು. ಆಮೇಲೆ ವರದಿ ಬರೆ. 1893ರ ನಿಯಮಗಳನ್ನೂ 1904ರ ಒಪ್ಪಂದವನ್ನೂ ಎದುರುಬದುರು ಇಟ್ಟು ಓದು. ಎರಡೂ ಚಿಕ್ಕವೇ. ಓದಿದ ಮೇಲೆ ಫೋನ್ ಮಾಡು, ಜಗಳ ಆಡೋಣ.

ನಿನ್ನ ದೊಡ್ಡಪ್ಪ