ಬುಗುರಿಯಂತೆ ತಿರುಗಿದ ಫೋನು

ಪ್ರೀತಿಯ ಮಗಳೇ,

ಹೋದ ವಾರ ಮಾತನಾಡುವಾಗ ನೀನು, "ಅಮ್ಮಾ, ಆ ಹಳೆಯ ಫೋನಿಗೆ ಇನ್ನೆಷ್ಟು ದಿನ ಉಪಚಾರ ಮಾಡುತ್ತೀಯ, ಹೊಸದೊಂದನ್ನು ನಾನೇ ಕಳಿಸುತ್ತೇನೆ" ಎಂದಾಗ ನಾನು ನಕ್ಕು ಮಾತು ಮರೆಸಿದೆ. ಜಿಪುಣತನದಿಂದ ಬೇಡವೆನ್ನುತ್ತಿದ್ದೇನೆ ಎಂದು ನೀನು ತಿಳಿದಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ನಿನ್ನ ಅಪ್ಪನೂ ಹಾಗೆಯೇ ತಿಳಿದಿದ್ದಾರೆ. ನಿಜವಾದ ಕಾರಣ ಬೇರೆಯೇ ಇದೆ. ಅದನ್ನು ಫೋನಿನಲ್ಲಿ ಹೇಳಹೊರಟರೆ ನೀನು ನಡುವೆಯೇ "ಸರಿ ಸರಿ" ಎಂದುಬಿಡುತ್ತೀಯಾದ್ದರಿಂದ ಬರೆಯಲು ಕೂತಿದ್ದೇನೆ.

ಆ ಫೋನಿಗೆ ಏನಾಯಿತೆಂದು ಮೊದಲು ಹೇಳುತ್ತೇನೆ. ಒಂದು ಬೆಳಗ್ಗೆ, ಮೇಜಿನ ಮೇಲೆ ಅಂಗಾತ ಮಲಗಿಸಿದ್ದ ಅದನ್ನು ಸಮಯ ನೋಡಲೆಂದು ಬೆರಳಿನಿಂದ ಮುಟ್ಟಿದರೆ ಬುಗುರಿಯಂತೆ ಗಿರ್ರನೆ ಅರ್ಧ ಸುತ್ತು ತಿರುಗಿತು. ಎತ್ತಿ ನೋಡಿದರೆ ಬೆನ್ನು ಉಬ್ಬಿತ್ತು. ಪರದೆಗೂ ಚೌಕಟ್ಟಿಗೂ ನಡುವೆ ಉಗುರು ತೂರುವಷ್ಟು ಸಂದು ಬಿಟ್ಟಿತ್ತು. ಹಿಂದಿನ ರಾತ್ರಿ ದೀಪ ಆರಿಸಿದ ಮೇಲೆ ಆ ಅಂಚಿನಲ್ಲಿ ಬೆಳಕಿನ ಸಣ್ಣ ಗೆರೆಯೊಂದು ಕಂಡಿದ್ದು, ಅದನ್ನು ನಾನು ಕನ್ನಡಕದ ದೋಷವೆಂದುಕೊಂಡಿದ್ದು ಆಗ ನೆನಪಾಯಿತು. ಊದಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗಂತೂ ಹಾಕಲೇಬಾರದು ಎಂಬಷ್ಟು ನನಗೆ ತಿಳಿದಿತ್ತು. ಫೋನನ್ನು ಆರಿಸಿ, ಉರಿಯುವ ವಸ್ತುಗಳಿಲ್ಲದ ಕಡೆ ಇಟ್ಟು, ಮಾರನೆಯ ದಿನ ರಿಪೇರಿಗೆ ಒಯ್ದೆ.

ಇದು ಹೀಗೇಕೆ ಆಗುತ್ತದೆಂದು ಆಮೇಲೆ ಓದಿಕೊಂಡೆ. ನಮ್ಮ ಫೋನುಗಳಲ್ಲಿರುವ ಲಿಥಿಯಂ ಅಯಾನ್ ಬ್ಯಾಟರಿಯನ್ನು ಸೋನಿ ಸಂಸ್ಥೆ ಮೊದಲ ಸಲ ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಅದಕ್ಕೆ ಅಡಿಪಾಯ ಹಾಕಿದ ಜಾನ್ ಗುಡ್‌ಇನಫ್, ಸ್ಟಾನ್ಲಿ ವಿಟ್ಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ, ಅಲ್ಲಿಯವರೆಗೆ ಆ ಪ್ರಶಸ್ತಿ ಪಡೆದವರಲ್ಲೆಲ್ಲ ಅವರೇ ಹಿರಿಯರು. (ಅವರ ಬ್ಯಾಟರಿ ಮಾತ್ರ ಗಟ್ಟಿಯಾಗಿತ್ತು ಎಂದು ನಿನ್ನ ಅಪ್ಪ ಹಾಸ್ಯ ಮಾಡಿದರು.) ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಲೋಹದ ಆಕ್ಸೈಡ್ ಇರುವ ಬದಿಯಿಂದ ಹೊರಟು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರುತ್ತವೆ, ಫೋನನ್ನು ಬಳಸುವಾಗ ಬಂದ ದಾರಿಯಲ್ಲೇ ಮರಳುತ್ತವೆ. ಈ ಓಡಾಟದಲ್ಲಿ ಒಂದಿಷ್ಟು ಲಿಥಿಯಂ ಗ್ರಾಫೈಟಿನ ಮೇಲೆ ಕಟ್ಟಿಕೊಳ್ಳುವ ತೆಳು ಪೊರೆಯಲ್ಲಿ ಸಿಕ್ಕಿಬಿದ್ದು ಮತ್ತೆ ಕೆಲಸಕ್ಕೆ ಬಾರದೆ ಹೋಗುತ್ತದೆ. ಬಿಸಿ ಹೆಚ್ಚಿದಷ್ಟೂ, ಪೂರ್ತಿ ತುಂಬಿದ ಸ್ಥಿತಿಯಲ್ಲೇ ಹೆಚ್ಚು ಹೊತ್ತು ಇರಿಸಿದಷ್ಟೂ ಸವಕಳಿ ಬೇಗ; ಒಳಗಿನ ದ್ರಾವಣ ಒಡೆದು ಅನಿಲ ಹುಟ್ಟಿದರೆ ಬ್ಯಾಟರಿ ಊದುತ್ತದೆ. ರಾತ್ರಿಯಿಡೀ ದಿಂಬಿನಡಿಯಲ್ಲಿಟ್ಟು ಚಾರ್ಜ್ ಮಾಡುವ ನಿನ್ನ ಅಭ್ಯಾಸದ ಬಗ್ಗೆ ನಾನು ಇಷ್ಟು ವರ್ಷ ಗೊಣಗುತ್ತಿದ್ದುದಕ್ಕೆ ಈಗ ಶಾಸ್ತ್ರಾಧಾರವೂ ಸಿಕ್ಕಿತು.

ಹಾಗಾಗಿ ಬ್ಯಾಟರಿ ಸಾಯುವುದರ ಬಗ್ಗೆ ನನ್ನ ತಕರಾರಿಲ್ಲ. ಚಪ್ಪಲಿ ಸವೆಯುವಂತೆ ಅದೂ ಸವೆಯುತ್ತದೆ. ನನ್ನನ್ನು ಕಾಡಿದ್ದು ರಿಪೇರಿಯ ಮೇಜಿನ ಮುಂದೆ ನಾನು ಕೂತು ನೋಡಿದ ಒಂದು ಗಂಟೆ. ರಿಪೇರಿ ಮಾಡುವ ಹುಡುಗ ಮೊದಲು ಫೋನಿನ ಬೆನ್ನಿಗೆ ಬಿಸಿಗಾಳಿ ಊದಿ ಅಂಟನ್ನು ಮೆತ್ತಗಾಗಿಸಿದ, ಗಾಜಿಗೆ ರಬ್ಬರಿನ ಬಟ್ಟಲೊಂದನ್ನು ಅಂಟಿಸಿ ಮೆಲ್ಲನೆ ಮೇಲಕ್ಕೆಳೆದ, ಸಂದು ಬಿಟ್ಟ ಕೂಡಲೇ ತೆಳುವಾದ ಪ್ಲಾಸ್ಟಿಕ್ ಚೂರನ್ನು ಒಳಗೆ ತೂರಿಸಿ ಸುತ್ತಲೂ ಆಡಿಸಿದ. ಬ್ಯಾಟರಿಯ ಅಡಿಯಲ್ಲಿ ಮತ್ತೆ ಅಂಟಿನ ಪಟ್ಟಿಗಳಿದ್ದವು. ಹೊಲಿಗೆ ಬಿಚ್ಚುವಾಗ ದಾರ ಎಳೆಯುವಂತೆ ಉಸಿರು ಹಿಡಿದು ಎಳೆದರೂ ಎರಡನೆಯ ಪಟ್ಟಿ ನಡುವೆ ತುಂಡಾಯಿತು. ಹೊಸ ಬ್ಯಾಟರಿ ಕೂರಿಸಲು ಅವನಿಗೆ ಐದು ನಿಮಿಷ ಸಾಕಾಯಿತು, ಉಳಿದದ್ದೆಲ್ಲ ಅಂಟಿನೊಡನೆ ಹೋರಾಟ. ಕೊನೆಗೆ ಫೋನು ಹೊತ್ತಿಕೊಂಡಾಗ ಪರದೆಯ ಮೇಲೆ ಬಂದ ಸಂದೇಶವನ್ನು ನೋಡಬೇಕಿತ್ತು: ಈ ಬ್ಯಾಟರಿ ಅಸಲಿಯೇ ಎಂದು ಖಚಿತಪಡಿಸಲಾಗುತ್ತಿಲ್ಲವಂತೆ. ನಾನು ದುಡ್ಡು ಕೊಟ್ಟು ಕೊಂಡ ಫೋನು, ನಾನೇ ಮಾಡಿಸಿದ ರಿಪೇರಿಯನ್ನು ಕಂಡು ನನ್ನನ್ನೇ ಅನುಮಾನದಿಂದ ನೋಡುತ್ತಿತ್ತು.

ನಿನಗೆ ನೆನಪಿದೆಯೋ ಇಲ್ಲವೋ, ನೀನು ಚಿಕ್ಕವಳಿದ್ದಾಗ ನನ್ನ ಗುಂಡಿಗಳಿದ್ದ ಫೋನನ್ನು ಮೆಟ್ಟಿಲಿನ ಮೇಲಿಂದ ಬೀಳಿಸಿದ್ದೆ. ಅದು ಮುಚ್ಚಳ, ಬ್ಯಾಟರಿ, ಮೈ ಎಂದು ಮೂರು ಭಾಗವಾಗಿ ಮೂರು ದಿಕ್ಕಿಗೆ ಹಾರಿತ್ತು. ನಾನು ಬೈಯುವ ಮೊದಲೇ ನೀನು ಮೂರನ್ನೂ ಆಯ್ದು ತಂದು, ಜೋಡಿಸಿ, ಹೊತ್ತಿಸಿ ಕೈಗಿತ್ತೆ. ಏಳು ವರ್ಷದ ಮಗು ಮಾಡಿದ ಕೆಲಸಕ್ಕೆ ಇಂದು ಬಿಸಿಗಾಳಿ ಯಂತ್ರ ಬೇಕಾಗಿದೆ. ನೀರು ಒಳಹೋಗದಿರಲು ಅಂಟು ಬೇಕು ಎನ್ನುವ ವಾದವನ್ನು ನಾನೂ ಕೇಳಿದ್ದೇನೆ, ಅದರಲ್ಲಿ ಹುರುಳಿಲ್ಲವೆಂದು ಹೇಳುವುದಿಲ್ಲ. ಆದರೆ 2014ರಲ್ಲಿ ಬಂದ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್5 ನೀರನ್ನು ತಡೆಯುತ್ತಲೂ ಇತ್ತು, ಅದರ ಬೆನ್ನಿನ ಮುಚ್ಚಳವನ್ನು ಉಗುರಿನಿಂದಲೇ ತೆಗೆಯಬಹುದಾಗಿಯೂ ಇತ್ತು. ಎರಡೂ ಒಟ್ಟಿಗೆ ಸಾಧ್ಯವಿತ್ತು ಎಂಬುದಷ್ಟೇ ನನ್ನ ಮಾತು.

ನಾವು ಕೊಂಡ ವಸ್ತುವಿನ ಆಯುಸ್ಸನ್ನು ನಿರ್ಧರಿಸುವವರು ಈಗ ಯಾರು ಎಂಬ ಪ್ರಶ್ನೆ ನನಗೆ ಹುಟ್ಟಿದ್ದು ಅಲ್ಲಿ. ಹಳೆಯ ಬ್ಯಾಟರಿಯಿರುವ ಫೋನುಗಳ ವೇಗವನ್ನು ತಾನೇ ತಗ್ಗಿಸುತ್ತಿದ್ದುದಾಗಿ 2017ರ ಡಿಸೆಂಬರಿನಲ್ಲಿ ಆ್ಯಪಲ್ ಒಪ್ಪಿಕೊಂಡಿತು. ಸೋತ ಬ್ಯಾಟರಿಯ ಮೇಲೆ ಹೊರೆ ಹೆಚ್ಚಿ ಫೋನು ಇದ್ದಕ್ಕಿದ್ದಂತೆ ಆರಿಹೋಗಬಾರದೆಂದು ಹಾಗೆ ಮಾಡಿದೆವು ಎಂದು ಅದು ಕೊಟ್ಟ ಕಾರಣ ತಾಂತ್ರಿಕವಾಗಿ ಸರಿಯೇ ಇತ್ತು. ಆದರೆ ಫೋನು ನಿಧಾನವಾಯಿತೆಂದು ಅಷ್ಟರಲ್ಲಿ ಹೊಸದನ್ನು ಕೊಂಡವರಿಗೆ, ಬ್ಯಾಟರಿ ಬದಲಿಸಿದ್ದರೆ ಸಾಕಾಗುತ್ತಿತ್ತು ಎಂದು ಮೊದಲೇ ಹೇಳಿದವರಿರಲಿಲ್ಲ. ಮರುವರ್ಷ ಸಂಸ್ಥೆ ಬ್ಯಾಟರಿ ಬದಲಾವಣೆಯ ದರವನ್ನು ಇಳಿಸಿತು, ಬ್ಯಾಟರಿಯ ಆರೋಗ್ಯವನ್ನು ತೋರಿಸುವ ಪುಟವನ್ನೂ ಫೋನಿನಲ್ಲಿ ಸೇರಿಸಿತು. ನೀನು ಆಗಾಗ ತೆರೆದು ನೋಡಿ ಬೇಸರಪಡುವ ಆ ಶೇಕಡಾವಾರು ಅಂಕಿ ಬಂದದ್ದು ಹೀಗೆ.

ಯಂತ್ರದ ಮೈಗೆ ಏನೂ ಆಗದಿದ್ದರೂ ಅದು ಮುದಿಯಾಗಬಹುದೆಂಬುದನ್ನು ಇತ್ತೀಚೆಗೆ ಎಲ್ಲರೂ ಕಂಡಿದ್ದಾರೆ. 2015ರಲ್ಲಿ ಬಿಡುಗಡೆಯಾದ ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟ್‌ಗಳು ಸಾಮಾನ್ಯವಾಗಿ ಸಿಗುವ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಹೊಸ ತಲೆಮಾರಿನ ಪ್ರೊಸೆಸರೂ ಬೇಕು; ಅವಿಲ್ಲದ ಕಂಪ್ಯೂಟರು ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಅದಕ್ಕೆ ಅಧಿಕೃತ ಪ್ರವೇಶವಿಲ್ಲ. ಒಂದು ವರ್ಷದ ಮಟ್ಟಿಗೆ ವಿಸ್ತರಣೆ ಕೊಟ್ಟಿದ್ದಾರೆ, ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿಕೊಳ್ಳುವ ದಾರಿಯೂ ಇದೆ. ಅದನ್ನೆಲ್ಲ ಮಾಡಿಕೊಳ್ಳುವ ಜಾಣ್ಮೆ, ವ್ಯವಧಾನ ಎಷ್ಟು ಮನೆಗಳಲ್ಲಿರುತ್ತದೆ, ನೀನೇ ಹೇಳು. ವಿಶ್ವಸಂಸ್ಥೆಯ ಸಂಸ್ಥೆಗಳು ಪ್ರಕಟಿಸಿದ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದಕ್ಕೆ ದಾಖಲೆಯಿರುವುದು ಶೇ 22.3ಕ್ಕೆ ಮಾತ್ರ.

ಇವೆರಡಕ್ಕಿಂತ ನನಗೆ ಹೆಚ್ಚು ವಿಚಿತ್ರವಾಗಿ ಕಂಡದ್ದು ನಮ್ಮ ಮಲಗುವ ಕೋಣೆಯ ದೀಪದ ಪ್ರಸಂಗ. ನೀನೇ ಹುಟ್ಟುಹಬ್ಬಕ್ಕೆ ತಂದುಕೊಟ್ಟ, ಫೋನಿನಿಂದ ಬಣ್ಣ ಬದಲಿಸಬಹುದಾಗಿದ್ದ ಆ ಬಲ್ಬು ಇಂದಿಗೂ ಉರಿಯುತ್ತದೆ. ಆದರೆ ಅದನ್ನು ತಯಾರಿಸಿದವರು ತಮ್ಮ ಸರ್ವರನ್ನು ಮುಚ್ಚಿದ್ದರಿಂದ ಆ್ಯಪ್ ಒಳಗೇ ಬಿಡುವುದಿಲ್ಲ. ಕೊನೆಯ ದಿನ ನಿನ್ನ ಅಪ್ಪ ಆಯ್ದಿಟ್ಟಿದ್ದ ನೇರಳೆ ಬಣ್ಣದಲ್ಲೇ ಅದು ನಿಂತುಬಿಟ್ಟಿದೆ. ಗೋಡೆಯ ಸ್ವಿಚ್ಚು ಒತ್ತಿದರೆ ನೇರಳೆ, ಆರಿಸಿದರೆ ಕತ್ತಲೆ, ಬೇರೆ ಆಯ್ಕೆಯಿಲ್ಲ. ಇದು ನಮ್ಮೊಬ್ಬರ ಪಾಡಲ್ಲವೆಂದು ತಿಳಿದು ಸ್ವಲ್ಪ ಸಮಾಧಾನವಾಯಿತು. ಮನೆಯ ದೀಪ, ಬೀಗಗಳನ್ನೆಲ್ಲ ಒಟ್ಟಿಗೆ ನಿಯಂತ್ರಿಸುತ್ತಿದ್ದ ರಿವಾಲ್ವ್ ಎಂಬ ಸಾಧನವನ್ನು, ಅದರ ಕಂಪನಿಯನ್ನು ಕೊಂಡಿದ್ದ ನೆಸ್ಟ್ ಎಂಬ ಸಂಸ್ಥೆ 2016ರಲ್ಲಿ ಹೀಗೆಯೇ ನಿಷ್ಕ್ರಿಯಗೊಳಿಸಿತ್ತು. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದ ಅಂಗಡಿಯನ್ನು ಮುಚ್ಚಿದಾಗ ಜನ ಕೊಂಡಿದ್ದ ಪುಸ್ತಕಗಳೇ ಅವರ ಕಪಾಟಿನಿಂದ ಮಾಯವಾದವು. ಹಣವನ್ನೇನೋ ಹಿಂದಿರುಗಿಸಿದರು, ಆದರೂ ಪುಸ್ತಕದ ಅಂಗಡಿ ಮುಚ್ಚಿತೆಂದು ಮನೆಯಲ್ಲಿದ್ದ ಪುಸ್ತಕವೂ ಎದ್ದು ಹೋಗುವುದನ್ನು ನಮ್ಮ ಹಿರಿಯರಿಗೆ ವಿವರಿಸಿ ಹೇಳುವುದು ಕಷ್ಟವಾಗುತ್ತಿತ್ತು. ಗ್ರಾಹಕರಿಗೆ ಸಿಗುತ್ತಿರುವುದು ಬಳಕೆಯ ಪರವಾನಗಿ ಮಾತ್ರವಾಗಿದ್ದರೆ, ಅದನ್ನು ಸ್ಪಷ್ಟವಾಗಿ ತಿಳಿಸದೆ 'ಖರೀದಿಸಿ' ಎಂಬ ಪದ ಬಳಸಬಾರದೆಂದು ಕ್ಯಾಲಿಫೋರ್ನಿಯದಲ್ಲಿ 2025ರ ಜನವರಿಯಿಂದ ಕಾನೂನೇ ಜಾರಿಯಲ್ಲಿದೆ.

ಕಾನೂನಿನಿಂದ ಏನಾಗುತ್ತದೆ ಎಂದು ನೀನು ಕೇಳುವುದು ಗೊತ್ತು. ನಮ್ಮ ಮೇಜಿನ ಕೆಳಗಿನ ಡ್ರಾಯರನ್ನು ನೆನಪಿಸಿಕೋ. ಚಾರ್ಜರು, ವೈರುಗಳೆಲ್ಲ ಹೆಣೆದುಕೊಂಡು ಬಿದ್ದಿರುತ್ತಿದ್ದ ಅದನ್ನು ನೀನು 'ಹಾವಿನ ಬುಟ್ಟಿ' ಎನ್ನುತ್ತಿದ್ದೆ. ಎಲ್ಲರೂ ಒಂದೇ ಬಗೆಯ ಪಿನ್ನು ಬಳಸೋಣವೆಂದು ಯುರೋಪಿನಲ್ಲಿ ದೊಡ್ಡ ಫೋನ್ ಕಂಪನಿಗಳು 2009ರಲ್ಲೇ ತಾವಾಗಿ ಒಪ್ಪಂದ ಮಾಡಿಕೊಂಡಿದ್ದವು, ಆದರೂ ಬುಟ್ಟಿಯ ಹಾವುಗಳು ಒಂದಾಗಲಿಲ್ಲ. 2022ರಲ್ಲಿ ಯುರೋಪಿಯನ್ ಒಕ್ಕೂಟ ಯುಎಸ್‌ಬಿ-ಸಿಯನ್ನು ಕಡ್ಡಾಯ ಮಾಡಿತು. 2023ರ ಸೆಪ್ಟೆಂಬರಿನಲ್ಲಿ ಐಫೋನೂ ಬದಲಾಯಿತು, 2024ರ ಡಿಸೆಂಬರ್ 28ರಿಂದ ನಿಯಮ ಜಾರಿಗೆ ಬಂತು. ನಿಯಮ ಅಲ್ಲಿಯದಾದರೂ ಒಂದು ಖಂಡಕ್ಕೆಂದು ಬೇರೆ ಅಚ್ಚು ಹೊಯ್ಯುವುದು ತಯಾರಕರಿಗೆ ನಷ್ಟವಾದ್ದರಿಂದ ಅದರ ಫಲ ಎಲ್ಲರಿಗೂ ಸಿಕ್ಕಿತು. ಹಾಗೆಯೇ 2025ರ ಜೂನ್ 20ರಿಂದ ಅಲ್ಲಿ ಹೊಸದಾಗಿ ಮಾರುವ ಫೋನುಗಳ ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕು, ಮಾರಾಟ ನಿಂತ ಮೇಲೂ ಏಳು ವರ್ಷ ಬಿಡಿಭಾಗಗಳು ಸಿಗಬೇಕು, ಕನಿಷ್ಠ ಐದು ವರ್ಷ ಅಪ್‌ಡೇಟ್‌ಗಳು ಬರಬೇಕು. ಆ ನಿಯಮಕ್ಕೂ ಮೊದಲೇ ಕೆಲವು ಕಂಪನಿಗಳು, 2023ರ ಪಿಕ್ಸೆಲ್ 8ರಿಂದ ಗೂಗಲ್ ಮತ್ತು 2024ರ ಗ್ಯಾಲಕ್ಸಿ ಎಸ್24ರಿಂದ ಸ್ಯಾಮ್‌ಸಂಗ್, ಏಳು ವರ್ಷಗಳ ಅಪ್‌ಡೇಟ್ ಕೊಡುವುದಾಗಿ ಹೇಳಿವೆ. ಕೊಡುತ್ತಾರೋ ಇಲ್ಲವೋ ಎಂಬುದನ್ನು ಏಳು ವರ್ಷ ಬದುಕಿದ್ದು ನೋಡೋಣ.

ಆದ್ದರಿಂದ ನೀನು ಹಟ ಹಿಡಿದು ಫೋನು ಕಳಿಸುವುದೇ ಆದರೆ, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ಲಿನದು ಎಂಬುದನ್ನು ಬಿಟ್ಟು, ಅಪ್‌ಡೇಟ್ ಯಾವ ವರ್ಷದವರೆಗೆ ಬರುತ್ತದೆ, ಬ್ಯಾಟರಿ ಬದಲಿಸಲು ಎಷ್ಟು ಹೊತ್ತು ಬೇಕು, ಕಂಪನಿ ಮುಚ್ಚಿದರೂ ಅದು ಕೆಲಸ ಮಾಡುತ್ತದೆಯೇ ಎಂದು ಕೇಳಿಕೊಂಡು ಕಳಿಸು. ಅವಸರವೇನಿಲ್ಲ. ಬ್ಯಾಟರಿ ಬದಲಿಸಿದ ಈ ಫೋನು ಮೇಜಿನ ಮೇಲೆ ಈಗ ಅಲುಗಾಡದೆ ಕೂರುತ್ತದೆ, ಬೆಳಗ್ಗೆ ತುಂಬಿಸಿದರೆ ರಾತ್ರಿಯವರೆಗೆ ಬರುತ್ತದೆ. ಅನುಮಾನದ ಆ ಸಂದೇಶವೂ ಕೆಲವು ದಿನ ಕಾಡಿ ಸೆಟ್ಟಿಂಗ್ಸ್‌ನ ಮೂಲೆಗೆ ಸರಿದಿದೆ.

ಕೊನೆಯದಾಗಿ ಒಂದು ಕೆಲಸ ಹೇಳಬೇಕು. ಹಾವಿನ ಬುಟ್ಟಿಯನ್ನು ಶುಚಿಮಾಡುವಾಗ ಅಡಿಯಲ್ಲಿ ನಿನ್ನ ಹಳೆಯ ಟ್ಯಾಬ್ಲೆಟ್ ಸಿಕ್ಕಿತು. ಪರದೆಗೆ ಒಂದು ಗೀರೂ ಇಲ್ಲ, ಬ್ಯಾಟರಿಯೂ ಊದಿಲ್ಲ, ನಿನ್ನ ಅಪ್ಪನಿಗೆ ಪತ್ರಿಕೆ ಓದಲು ಹೇಳಿ ಮಾಡಿಸಿದಂತಿದೆ. ಅಳಿಸಿ ಹೊಸದಾಗಿ ಶುರುಮಾಡೋಣವೆಂದು ಹೋದರೆ, ಇದು ಇನ್ನೊಬ್ಬರ ಖಾತೆಗೆ ಸೇರಿದ್ದು, ಅವರ ಪಾಸ್‌ವರ್ಡ್ ಕೊಡಿ ಎನ್ನುತ್ತಿದೆ. ಕಳ್ಳರ ಕೈಗೆ ಸಿಕ್ಕರೆ ಉಪಯೋಗಕ್ಕೆ ಬಾರದಿರಲೆಂದು ಮಾಡಿದ ಏರ್ಪಾಟು, ತಾಯಿಯನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿದೆ. ನಿನ್ನ ಖಾತೆಯಿಂದ ಆ ಟ್ಯಾಬ್ಲೆಟನ್ನು ದೂರದಿಂದಲೇ ತೆಗೆದುಹಾಕಬಹುದಂತೆ. ಪಾಸ್‌ವರ್ಡ್ ಮರೆತಿದ್ದರೆ ಈಗಲೇ ಹೇಳಿಬಿಡು, ಏಕೆಂದರೆ ಭಾನುವಾರದೊಳಗೆ ಕೊಡುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದೇನೆ, ಅವರು ಈಗಾಗಲೇ ಅದಕ್ಕೊಂದು ಸ್ಟ್ಯಾಂಡು ತಂದಿಟ್ಟಿದ್ದಾರೆ.

ಪ್ರೀತಿಯಿಂದ,
ನಿನ್ನ ಅಮ್ಮ